ಬರಹದಲ್ಲಿ ನಿಮ್ಮ ದನಿ ಕೇಳಿಸಬೇಕಾದರೆ: ಮುಂಬೈ ಕನ್ನಡಿಗರಿಗೆ ಕೆಲವು ಕೆಲಸಗಳು

ಬರೆಯುವ ಆಸೆ ಇರುವ ಕನ್ನಡಿಗರು ಮುಂಬೈಯಲ್ಲಿ ಕಡಿಮೆ ಇಲ್ಲ. ಯಾವುದಾದರೂ ಸಂಘದ ಸ್ಮರಣ ಸಂಚಿಕೆ ತೆಗೆದು ನೋಡಿ, ಪುಟಗಟ್ಟಲೆ ಲೇಖನ, ಪ್ರತಿ ಲೇಖನಕ್ಕೂ ಒಂದು ಫೋಟೋ. ಆದರೆ ಹೆಸರನ್ನು ಕೈಯಿಂದ ಮುಚ್ಚಿ ಓದಿದರೆ ಯಾರದು ಯಾವುದು ಅಂತ ಗೊತ್ತಾಗುವುದಿಲ್ಲ. ಬ್ಯಾಂಕಿನಲ್ಲಿ ಜೀವಮಾನ ಕಳೆದವರು, ಹೋಟೆಲ್ ನಡೆಸಿದವರು, ರಾತ್ರಿಶಾಲೆಯಲ್ಲಿ ಪಾಠ ಹೇಳಿದವರು, ಎಲ್ಲರೂ ಒಂದೇ ಥರ ಬರೆದಿರುತ್ತಾರೆ. ಅದೇ ಜನ ಕಾರ್ಯಕ್ರಮ ಮುಗಿದ ಮೇಲೆ ಊಟದ ಹಾಲ್‌ನಲ್ಲಿ ಮಾತಿಗೆ ಕೂರಲಿ, ಬೆನ್ನು ಹಾಕಿ ನಿಂತರೂ ಇವರು ಇಂಥವರೇ ಅಂತ ಹೇಳಬಹುದು.

ಹಾಗಾಗಿ ದನಿ ಎಲ್ಲಿಂದಲೋ ಹುಡುಕಿ ತರಬೇಕಾದದ್ದು ಅಂತ ನನಗೆ ಅನಿಸುವುದಿಲ್ಲ. ಅದು ಬಾಯಲ್ಲಿ ಆಗಲೇ ಇದೆ. ಬಾಯಿಂದ ಕೈಗೆ ಬರುವಾಗ ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿದೆ. ಎಲ್ಲಿ ಕಳೆಯುತ್ತದೆ ಅಂತ ಪತ್ತೆ ಮಾಡಲು ಕೆಲವು ಕೆಲಸಗಳನ್ನು ಇಲ್ಲಿ ಹೇಳುತ್ತೇನೆ. ಇವೆಲ್ಲ ಡೊಂಬಿವಲಿಯಲ್ಲಿ ಭಾನುವಾರ ಸಂಜೆ ಸೇರುವ ನಮ್ಮ ಸಣ್ಣ ಗುಂಪಿನಲ್ಲಿ ಮಾಡಿ ನೋಡಿದವು. ಪುಣೆಯವರಿಗೂ, ಗೋವಾದ ವಾಸ್ಕೋ, ಮಾಪುಸಾದವರಿಗೂ ಇವು ಹೊಂದುತ್ತವೆ. ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು ಭಾಷೆ ಇರುವ ಕಡೆಯೆಲ್ಲ ತೊಂದರೆ ಹೆಚ್ಚುಕಡಿಮೆ ಒಂದೇ.

ಮೊದಲು ಮಾತಾಡಿ

ಪೆನ್ನು ಕೆಳಗಿಡಿ. ಫೋನಿನ ರೆಕಾರ್ಡರ್ ಆನ್ ಮಾಡಿ. ಅದು ಸಿಗದಿದ್ದರೆ ವಾಟ್ಸಾಪ್‌ನಲ್ಲಿ ನಿಮಗೆ ನೀವೇ ವಾಯ್ಸ್ ಮೆಸೇಜ್ ಕಳಿಸಿಕೊಂಡರೂ ನಡೆಯುತ್ತದೆ. ಹತ್ತು ನಿಮಿಷ ಮಾತಾಡಬೇಕು. ಯಾವ ವಿಷಯ ಅಂದರೆ, ಹೇಳುವಾಗ ನಿಮಗೇ ಸ್ವಲ್ಪ ಬಿಸಿ ಏರುವಂಥದ್ದು. ಸೊಸೈಟಿ ಮೀಟಿಂಗ್‌ನಲ್ಲಿ ಪಾರ್ಕಿಂಗ್‌ಗಾಗಿ ಆದ ಜಗಳ, ಒಂದೊಂದು ರೂಮಿನ ಮನೆಗಳ ಹಳೆಯ ಚಾಳು ರಿಡೆವಲಪ್‌ಮೆಂಟ್‌ಗೆ ಹೋದಾಗ ಬಿಲ್ಡರ್ ಹೇಳಿದ್ದು ಮತ್ತು ಮಾಡಿದ್ದು, ಮಗಳು ಕನ್ನಡದಲ್ಲಿ ಉತ್ತರ ಕೊಡುವುದನ್ನು ಬಿಟ್ಟ ದಿನ.

ಏನೂ ಹೊಳೆಯದಿದ್ದರೆ 2005ರ ಜುಲೈ 26ರ ಮಹಾಮಳೆ ಇದ್ದೇ ಇದೆಯಲ್ಲ. ಆಗ ಇಲ್ಲಿದ್ದ ಪ್ರತಿಯೊಬ್ಬರ ಹತ್ತಿರವೂ ಒಂದು ಕಥೆ ಇದೆ, ಆದರೂ ಆ ಮಳೆಯ ಬಗ್ಗೆ ಬರೆದ ಮುಕ್ಕಾಲು ಪಾಲು ಲೇಖನಗಳು "ಪ್ರಕೃತಿ ಮುನಿದರೆ ಮನುಷ್ಯನ ಆಟ ನಡೆಯದು" ಅಂತಲೇ ಶುರುವಾಗುತ್ತವೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು ಅನ್ನುವುದು ಎಲ್ಲರಿಗೂ ಸಿಗುವ ಅಂಕಿ. ನೀವು ಕುರ್ಲಾದಿಂದ ಚೆಂಬೂರಿಗೆ ಯಾರ ಬೆಲ್ಟ್ ಹಿಡಿದುಕೊಂಡು ನಡೆದಿರಿ, ನೀರಿನೊಳಗೆ ಡಿವೈಡರ್ ಎಲ್ಲಿದೆ ಅಂತ ಹೇಗೆ ಗೊತ್ತಾಯಿತು, ಗುರುತಿಲ್ಲದ ಯಾರ ಮನೆಯ ಚಾಪೆಯಲ್ಲಿ ರಾತ್ರಿ ಮಲಗಿದಿರಿ, ಇದು ನಿಮ್ಮ ಹತ್ತಿರ ಮಾತ್ರ ಇದೆ. ಮಾತಾಡುವಾಗ ನೀವು ಅಂಕಿಯಿಂದ ಶುರು ಮಾಡುವುದೇ ಇಲ್ಲ. ಸೀದಾ ಬೆಲ್ಟಿಗೇ ಬರುತ್ತೀರಿ. ಬೇಕಾದರೆ ಮಾಡಿ ನೋಡಿ.

ಒಂದು ಷರತ್ತಿದೆ. ಗಾಳಿಗೆ ಮಾತಾಡಬೇಡಿ, ಯಾರಾದರೂ ಒಬ್ಬರಿಗೆ ಹೇಳಿ. ಊರಿನಲ್ಲಿರುವ ದೊಡ್ಡಕ್ಕ, ಹಳೆಯ ರೂಮಿನ ಗೆಳೆಯ, ಆಫೀಸಿನಲ್ಲಿ ಜೊತೆಗೆ ಡಬ್ಬಾ ಬಿಚ್ಚುವವರು, ಯಾರಾದರೂ ಸರಿ. ಎದುರಿಗೆ ಇರಬೇಕಿಲ್ಲ, ಮನಸ್ಸಿನಲ್ಲಿದ್ದರೆ ಸಾಕು. "ಓದುಗರು" ಅನ್ನುವ ಗುಂಪಿಗೆ ಮಾತಾಡಲು ಹೋದಿರೋ, ತಕ್ಷಣ ವೇದಿಕೆ ಹತ್ತಿ ಮೈಕ್ ಹಿಡಿದುಬಿಡುತ್ತೀರಿ.

ಆಮೇಲೆ ಅದನ್ನೇ ಬರೆದುಕೊಳ್ಳಿ, ಇದ್ದ ಹಾಗೇ

ಇದು ಬೇಜಾರಿನ ಕೆಲಸ. ಆದರೂ ಮಾಡಿ. ರೆಕಾರ್ಡಿಂಗ್ ನಿಲ್ಲಿಸಿ ನಿಲ್ಲಿಸಿ ಕೇಳುತ್ತಾ ಪ್ರತಿಯೊಂದು ಮಾತನ್ನೂ ಕಾಗದಕ್ಕೆ ಇಳಿಸಿ. "ಅಂದ್ರೆ", "ಗೊತ್ತುಂಟಲ್ಲ", "ಏನಪಾ ಅಂದ್ರ", ಅರ್ಧಕ್ಕೆ ಬಿಟ್ಟ ವಾಕ್ಯ, ಎಲ್ಲವೂ ಇರಲಿ. ಈ ಕೆಲಸಕ್ಕೆ ಫೋನಿನ ವಾಯ್ಸ್ ಟೈಪಿಂಗ್ ಬೇಡ. ನಮ್ಮ ಮಿಶ್ರ ಮಾತು ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಹಿಡಿದರೂ ತನಗೆ ಗೊತ್ತಿರುವ ಮಾತಿಗೆ ಬದಲಿಸಿಬಿಡುತ್ತದೆ. ನಮಗೆ ಬೇಕಾದದ್ದೇ ಅದಕ್ಕೆ ಗೊತ್ತಿಲ್ಲದ ಮಾತು.

ಬರೆದ ಮೇಲೆ ಕೆಂಪು ಪೆನ್ನು ತಗೊಂಡು ಕೂತುಕೊಳ್ಳಿ. ಎಲ್ಲಿ ಅವಸರದಲ್ಲಿ ದಾಟಿ ಹೋದಿರಿ, ಎಲ್ಲಿ ಯಾರೂ ಕೇಳದಿದ್ದರೂ ನಿಂತು ವಿವರ ಹೇಳಿದಿರಿ, ಎಲ್ಲಿ ವಿಷಯ ಬಿಟ್ಟು ಪಕ್ಕಕ್ಕೆ ಹೋಗಿ ಮತ್ತೆ ವಾಪಸ್ ಬಂದಿರಿ, ಎಲ್ಲಿ ನಿಮಗೇ ನಗು ಬಂತು, ಅಲ್ಲೆಲ್ಲ ಗೆರೆ ಹಾಕಿ. ಆ ನಾಲ್ಕು ಕಡೆಯೇ ನಿಮ್ಮ ದನಿ ಸಿಗುವುದು. ಒಬ್ಬರು ದುಡ್ಡಿನ ವಿಷಯ ಬಂದಾಗಲೆಲ್ಲ ನಿಂತುಬಿಡುತ್ತಾರೆ, ಎಷ್ಟು ಕೊಟ್ಟರು, ಎಷ್ಟು ವಾಪಸ್ ಬಂತು ಅಂತ. ಇನ್ನೊಬ್ಬರಿಗೆ ಯಾರು ಏನು ಉಟ್ಟಿದ್ದರು ಅನ್ನುವುದು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಅದು ದೋಷ ಅಂದುಕೊಂಡು ಬರೆಯುವಾಗ ತೆಗೆದುಹಾಕುತ್ತಾರೆ. ತೆಗೆದ ಮೇಲೆ ಉಳಿಯುವುದು ಯಾರು ಬೇಕಾದರೂ ಬರೆಯಬಹುದಾದದ್ದು.

ನಮ್ಮ ಗುಂಪಿಗೆ ಬರುವ ಒಬ್ಬರ ಉದಾಹರಣೆ ಕೊಡುತ್ತೇನೆ. ಅವರ ಅಪ್ಪ ಫೋರ್ಟ್‌ನಲ್ಲಿ ಒಂದು ಆಫೀಸ್ ಕ್ಯಾಂಟೀನ್ ನಡೆಸುತ್ತಿದ್ದರು. ಅಪ್ಪನ ಬಗ್ಗೆ ಅವರು ಬರೆದು ತಂದದ್ದು ಹೀಗಿತ್ತು:

"ನನ್ನ ತಂದೆಯವರು ಅತ್ಯಂತ ಶ್ರಮಜೀವಿಯಾಗಿದ್ದರು. ಮುಂಬೈಯೆಂಬ ಮಾಯಾನಗರಿಯಲ್ಲಿ ಬದುಕು ಕಟ್ಟಿಕೊಳ್ಳಲು ಹಗಲಿರುಳೆನ್ನದೆ ದುಡಿದರು. ಅವರ ತ್ಯಾಗ ಮತ್ತು ಪರಿಶ್ರಮದ ಫಲವಾಗಿ ನಾವಿಂದು ಉತ್ತಮ ಸ್ಥಿತಿಯಲ್ಲಿದ್ದೇವೆ."

ತಪ್ಪು ಏನೂ ಇಲ್ಲ. ಆದರೆ ಇಲ್ಲಿ ಅಪ್ಪನೂ ಇಲ್ಲ, ಮಗಳೂ ಇಲ್ಲ. ಸರಿ, ಪೇಪರ್ ಪಕ್ಕಕ್ಕಿಡಿ, ಅಪ್ಪ ರಾತ್ರಿ ಮನೆಗೆ ಬಂದಾಗ ಏನಾಗುತ್ತಿತ್ತು ಹೇಳಿ ಅಂತ ಕೇಳಿದೆವು. ಅವರು ಹೇಳಿದ್ದು ಇದು:

"ಅಪ್ಪ ಬರುವಾಗ ಹನ್ನೊಂದೂವರೆ ಆಗ್ತಿತ್ತು. ಬಂದ ಕೂಡಲೇ ಅಂಗಿ ಬಿಚ್ಚಿ ಹೊರಗೆ ಗ್ಯಾಲರಿಯಲ್ಲಿ ಹಾಕ್ಬೇಕು, ಇಲ್ಲಾಂದ್ರೆ ಅಮ್ಮ ಬಿಡ್ತಿರ್ಲಿಲ್ಲ, ಯಾಕಂದ್ರೆ ಇಡೀ ರೂಮಿಗೆ ಕರಿದ ಎಣ್ಣೆ ವಾಸನೆ. ಹತ್ತಕ್ಕೆ ಹನ್ನೆರಡರ ರೂಮು ಅದು, ವಾಸನೆ ಹೋಗುದಾದ್ರೂ ಎಲ್ಲಿಗೆ? ಮತ್ತೆ ಆ ಜೇಬಲ್ಲಿ ಚಿಲ್ರೆ. ಅದನ್ನು ಅಪ್ಪ ಕೆಳಗೆ ಪೇಪರ್ ಹಾಕಿ ಸದ್ದಾಗದ ಹಾಗೆ ಸುರೀತಿದ್ರು, ನಾವು ಏಳಬಾರ್ದು ಅಂತ. ನಾನು ಎದ್ದೇ ಇರ್ತಿದ್ದೆ. ಕಣ್ಣು ಮುಚ್ಕೊಂಡು ಎಣಿಸ್ತಿದ್ದೆ, ಸದ್ದಲ್ಲೇ ಗೊತ್ತಾಗ್ತಿತ್ತು ನಂಗೆ, ಇದು ಎಂಟಾಣೆ, ಇದು ರೂಪಾಯಿ ಅಂತ."

ಕೋಣೆಯಲ್ಲಿದ್ದವರು ಯಾರೂ ಮಾತಾಡಲಿಲ್ಲ. ಈಗ ಅಪ್ಪ ಬಂದರು ನೋಡಿ. ಶ್ರಮಜೀವಿ ಅಂತ ಹೇಳುವ ಅಗತ್ಯವೇ ಬೀಳಲಿಲ್ಲ.

ಹಾಗಂತ ರೆಕಾರ್ಡಿಂಗ್‌ನ ಮಾತನ್ನು ಹಾಗೇ ಅಚ್ಚು ಹಾಕಿದರೆ ಆಯಿತು ಅಂದುಕೊಳ್ಳಬೇಡಿ. ಮಾತಿಗೆ ಕಣ್ಣು, ಕೈ, ನಿಲ್ಲಿಸುವ ಜಾಗ ಎಲ್ಲ ಸಹಾಯ ಮಾಡುತ್ತವೆ. ಕಾಗದದ ಮೇಲೆ ಅವು ಇಲ್ಲ. ಅವರು ಆಮೇಲೆ ತಿದ್ದಿ ತಂದದ್ದರಲ್ಲಿ "ಯಾಕಂದ್ರೆ", "ಮತ್ತೆ ಆ" ಎಲ್ಲ ಹೋಗಿತ್ತು. ಕ್ರಿಯಾಪದಗಳು "ಬರುತ್ತಿದ್ದರು, ಸುರಿಯುತ್ತಿದ್ದರು" ಆಗಿದ್ದವು. ಆದರೆ "ವಾಸನೆ ಹೋಗುವುದಾದರೂ ಎಲ್ಲಿಗೆ?" ಅನ್ನುವ ಪ್ರಶ್ನೆ ಹಾಗೇ ಉಳಿದಿತ್ತು, ಗ್ಯಾಲರಿಯೂ ಉಳಿದಿತ್ತು, ಪೇಪರೂ ಉಳಿದಿತ್ತು. ಮೊದಲು ಅಂಗಿ, ಆಮೇಲೆ ರೂಮು, ಆಮೇಲೆ ಚಿಲ್ಲರೆ ಅನ್ನುವ ಆ ಕ್ರಮವನ್ನೂ ಅವರು ಮುಟ್ಟಲಿಲ್ಲ. ನನ್ನನ್ನು ಕೇಳಿದರೆ ಬಹಳ ಸಲ ದನಿ ಅನ್ನುವುದು ಆ ಕ್ರಮದಲ್ಲೇ ಇರುತ್ತದೆ, ಅಂದರೆ ಯಾವುದನ್ನು ಮೊದಲು ನೋಡುತ್ತೀರಿ, ಅಲ್ಲಿಂದ ಯಾವುದಕ್ಕೆ ಹಾರುತ್ತೀರಿ ಅನ್ನುವುದರಲ್ಲಿ. ಪದಗಳನ್ನು ಬೇಕಾದರೆ ಬದಲಿಸಬಹುದು.

ಮನೆಮಾತು ಕನ್ನಡ ಅಲ್ಲದವರಿಗೆ

ಮುಂಬೈ ಕನ್ನಡಿಗರಲ್ಲಿ ತುಂಬ ಜನರ ಮನೆಮಾತು ತುಳು. ಕೊಂಕಣಿ, ಬ್ಯಾರಿ ಮಾತಾಡುವವರೂ ಇದ್ದಾರೆ. ಅವರಿಗೆ ಕನ್ನಡ ಶಾಲೆಯಲ್ಲಿ ಕಲಿತ ಭಾಷೆ. ಹಾಗಾಗಿ ಪೆನ್ನು ಹಿಡಿದ ಕೂಡಲೇ ಏಳನೇ ಕ್ಲಾಸಿನ ಪಠ್ಯಪುಸ್ತಕ ಬಾಯಿ ತೆಗೆಯುತ್ತದೆ. "ನಮ್ಮದು ಶುದ್ಧ ಕನ್ನಡ ಅಲ್ಲವಲ್ಲ" ಅನ್ನುವ ಅಂಜಿಕೆ ಬೇರೆ.

ಅಂಜಿಕೆ ಬಿಡಿ. ಬೇಂದ್ರೆಯವರ ಮನೆಯಲ್ಲಿ ಮರಾಠಿ, ಮಾಸ್ತಿಯವರ ಮನೆಯಲ್ಲಿ ತಮಿಳು, ಕಾರ್ನಾಡರ ಮನೆಯಲ್ಲಿ ಕೊಂಕಣಿ. ಮೂವರಿಗೂ ಜ್ಞಾನಪೀಠ ಬಂದದ್ದು ಕನ್ನಡದ ಬರಹಕ್ಕೆ. ಮುಂಬೈಯನ್ನು ಕನ್ನಡ ಕಥೆಗೆ ತಂದವರಲ್ಲಿ ದೊಡ್ಡ ಹೆಸರಾದ ಜಯಂತ ಕಾಯ್ಕಿಣಿಯವರದೂ ಕೊಂಕಣಿ ಮನೆ. ಇವರ ಯಾರ ಕನ್ನಡವೂ ಇನ್ನೊಬ್ಬರ ಕನ್ನಡದ ಹಾಗಿಲ್ಲ.

ಇಲ್ಲಿ ಮಾಡಬೇಕಾದ ಕೆಲಸ ಇಷ್ಟು. ಹೇಳಬೇಕಾದದ್ದನ್ನು ಮೊದಲು ತುಳುವಿನಲ್ಲೋ ಕೊಂಕಣಿಯಲ್ಲೋ ಜೋರಾಗಿ ಹೇಳಿ. ಆಮೇಲೆ ಕನ್ನಡದಲ್ಲಿ ಬರೆಯಿರಿ. ಮನೆಮಾತಿನಲ್ಲಿ ವಾಕ್ಯ ಎಲ್ಲಿ ತಿರುಗಿತೋ ಕನ್ನಡದಲ್ಲೂ ಅಲ್ಲೇ ತಿರುಗಲಿ. ತುಳು ಬಲ್ಲವರ ಕನ್ನಡಕ್ಕೆ ಒಂದು ನೇರ, ಸ್ವಲ್ಪ ಒಣ ತಮಾಷೆ ಇರುತ್ತದೆ: "ಬಂದದ್ದೇ ಬಂದದ್ದು, ಸೀದಾ ಅಡಿಗೆಮನೆಗೆ ಹೋದ. ಮನೆ ಯಾರದ್ದು ಅಂತ ನೆನಪೇ ಇಲ್ಲ ಅವನಿಗೆ." ಇದನ್ನು "ಆತನು ಆಗಮಿಸಿದೊಡನೆ ನೇರವಾಗಿ ಪಾಕಶಾಲೆಯನ್ನು ಪ್ರವೇಶಿಸಿದನು" ಅಂತ ಮಾಡಿದರೆ ತಮಾಷೆ ಸತ್ತಿತು. ವಿಜಯಪುರ, ಕಲಬುರ್ಗಿ ಕಡೆಯಿಂದ ಬಂದವರಿಗೆ ಇನ್ನೂ ಸುಲಭ, ಮನೆಯಲ್ಲೇ ಕನ್ನಡ ಇದೆ. ಆದರೆ ಅವರೂ ಬರೆಯುವಾಗ ಮೈಸೂರಿನ ಮೇಷ್ಟರಾಗಿಬಿಡುತ್ತಾರೆ. ಇಡೀ ಲೇಖನ ನಿಮ್ಮ ಕಡೆಯ ಮಾತಿನಲ್ಲೇ ಬೇಕಿಲ್ಲ. ಕಥೆ ಹೇಳುವ ಭಾಗ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿರಲಿ, ಜನ ಬಾಯಿ ತೆಗೆದಾಗ ಮಾತ್ರ "ಎಲ್ಲಿಗೆ ಹೊಂಟೀರಿ" ಅನ್ನಲಿ. ಅಷ್ಟಕ್ಕೇ ಇಡೀ ಪುಟದ ಬಣ್ಣ ಬದಲಾಗುತ್ತದೆ.

ಹಿಂದಿ, ಮರಾಠಿ ಶಬ್ದ ಎಷ್ಟು ಇರಬೇಕು? ಇದು ಪ್ರತಿ ಸಲ ಬರುವ ಪ್ರಶ್ನೆ. ನನ್ನ ಲೆಕ್ಕ ಸರಳ. ಊರಿನ ತಾಯಿಯ ಹತ್ತಿರ ಫೋನಿನಲ್ಲಿ ಮಾತಾಡುವಾಗಲೂ ನೀವು ಆ ಶಬ್ದವನ್ನೇ ಹೇಳುತ್ತೀರಾದರೆ ಅದು ನಿಮ್ಮದು, ಇಟ್ಟುಕೊಳ್ಳಿ. ಚಾಳು, ನಾಕಾ, ಪಾಗಡಿ, ಡಬ್ಬಾ ಇವಕ್ಕೆ ಬದಲಿ ಹುಡುಕುವುದು ವ್ಯರ್ಥ. ಸುಮ್ನೆ ಮುಂಬೈಯ ರುಚಿ ಬರಲಿ ಅಂತ "ಅರೇ ಯಾರ್" ಹಾಕಿದ್ದರೆ ತೆಗೆದುಬಿಡಿ. ಮತ್ತೆ, ಕಂಸ ಹಾಕಿ ಅರ್ಥ ಕೊಡುವುದೂ ಬೇಡ. ವಾಕ್ಯವೇ ಹೇಳಲಿ: "ಪಾಗಡಿ ರೂಮು ಅದು, ತಿಂಗಳ ಬಾಡಿಗೆ ಚಹಾದ ಖರ್ಚಿಗೂ ಸಾಲದಷ್ಟು, ಮಾಲೀಕ ಹೊರಗೆ ಹಾಕುವ ಹಾಗಿಲ್ಲ, ಆದರೆ ನಾವು ಬೇರೆಯವರಿಗೆ ಕೊಟ್ಟರೆ ಬಂದ ದುಡ್ಡಿನಲ್ಲಿ ಅವನಿಗೂ ಪಾಲು." ಊರಿನ ಓದುಗರಿಗೂ ಅರ್ಥವಾಯಿತು, ನೀವು ಪಾಠ ಹೇಳಿದ ಹಾಗೂ ಆಗಲಿಲ್ಲ.

ಗೋಡೆಗೆ ಒಂದು ಪಟ್ಟಿ

ಮುಂಬೈ ಬಗ್ಗೆ ಕನ್ನಡದಲ್ಲಿ ಬರೆಯುವಾಗ ತಾವಾಗಿಯೇ ಬಂದು ಕೂರುವ ಮಾತುಗಳಿವೆ. ಮಾಯಾನಗರಿ. ಎಂದೂ ಮಲಗದ ಊರು. ಯಾಂತ್ರಿಕ ಬದುಕು. ಕನಸುಗಳ ಬೆನ್ನತ್ತಿ. ಕಾಂಕ್ರೀಟ್ ಕಾಡು. ಗಡಿಯಾರದ ಮುಳ್ಳಿನ ಜೊತೆ ಓಟ. ಅರಬ್ಬೀ ಕಡಲಿನ ಅಲೆಗಳು ಮನಸ್ಸಿನ ಭಾವನೆಗಳಂತೆ, ಅಯ್ಯೋ, ಇದಂತೂ ಮರೀನ್ ಡ್ರೈವ್‌ನಲ್ಲಿ ಕೂತ ಪ್ರತಿಯೊಬ್ಬರಿಗೂ ಹೊಳೆಯುತ್ತದೆ.

ಇವನ್ನು ಒಂದು ಹಾಳೆಯಲ್ಲಿ ಬರೆದು ಬರೆಯುವ ಮೇಜಿನ ಎದುರಿಗೆ ಅಂಟಿಸಿ. ನಿಮ್ಮ ಹಳೆಯ ಲೇಖನಗಳಲ್ಲಿ ಸಿಕ್ಕಿದ್ದನ್ನೂ ಸೇರಿಸಿ. ಇಂಥ ಮಾತು ಬಂದ ಜಾಗದಲ್ಲಿ ನಿಲ್ಲಿ, ಅಲ್ಲಿ ನಿಜವಾಗಿ ಏನಿತ್ತು ಅಂತ ಕೇಳಿಕೊಳ್ಳಿ. "ಯಾಂತ್ರಿಕ ಬದುಕು" ಅಂದಿರಲ್ಲ, ಏನು ಹಾಗಂದರೆ? ಲೋಕಲ್ ಟ್ರೇನಿನಲ್ಲಿ ಮೂರು ಜನ ಕೂರುವ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಒಂದು ಕಾಲು ಊರಿ ಕುಳಿತು, ಒಳಗಿನವರು ಸ್ವಲ್ಪ ಸರಿಯಲಿ ಅಂತ ಬಾಯಿಂದ ಹೇಳದೆ ಮೊಣಕಾಲಿನಿಂದಲೇ ಹೇಳಿ, ಠಾಣೆ ಸ್ಟೇಷನ್ ಬರುವಷ್ಟರಲ್ಲಿ ಎರಡು ಇಂಚು ಸಂಪಾದಿಸಿದ್ದು, ಇದು ತಾನೇ? ಹಾಗಾದರೆ ಆ ಎರಡು ಇಂಚಿನ ಬಗ್ಗೆ ಬರೆಯಿರಿ.

ಕೆಲಸದ ಜಾಗದ ಕನ್ನಡ

ಹೆಚ್ಚಿನವರು ಮರೆಯುವ ದೊಡ್ಡ ಗಂಟು ಇದು. ದಿನದ ಎಂಟು ಹತ್ತು ಗಂಟೆ ನೀವು ಮಾಡುವ ಕೆಲಸ ನಿಮ್ಮ ಬರಹದಲ್ಲಿ ಎಲ್ಲೂ ಕಾಣುವುದಿಲ್ಲ. ಬರೆಯಲು ಕೂತರೆ ಊರು, ಬಾಲ್ಯ, ಅಜ್ಜಿ, ಮಳೆ. ಯಶವಂತ ಚಿತ್ತಾಲರು ಮುಂಬೈಯ ಕೆಮಿಕಲ್ ಉದ್ದಿಮೆಯಲ್ಲಿ ದುಡಿದವರು. ಅವರು ತಮ್ಮ ಹುಟ್ಟೂರು ಹನೇಹಳ್ಳಿಯ ಬಗ್ಗೆಯೂ ಬರೆದರು. ಆದರೆ 1979ರಲ್ಲಿ ಬಂದ "ಶಿಕಾರಿ"ಯಲ್ಲಿ ಅಂಥದೇ ಒಂದು ಕಂಪನಿಯ ಒಳಗಿನ ವಿಚಾರಣೆ, ಅನುಮಾನ, ಹುದ್ದೆಯ ರಾಜಕೀಯವನ್ನೇ ಕಾದಂಬರಿ ಮಾಡಿದರು. ಕಾಯ್ಕಿಣಿಯವರೂ ಜೀವರಸಾಯನ ಓದಿ ಮುಂಬೈಯ ಔಷಧ ಕಂಪನಿಯಲ್ಲಿ ಕೆಲಸ ಮಾಡಿದವರೇ.

ಕೆಲಸ ಗೊತ್ತಿಲ್ಲದ ನೆಂಟರೊಬ್ಬರಿಗೆ ನಿಮ್ಮ ಒಂದು ದಿನವನ್ನು ವಿವರಿಸಿ ಒಂದು ಪುಟ ಬರೆಯಿರಿ. ನೀವು ಹೋಟೆಲಿನ ಗಲ್ಲಾದಲ್ಲಿ ಕೂರುವವರಾದರೆ ಬಿಲ್ ಕೊಡದೆ ಜಾರುವ ಗಿರಾಕಿಯನ್ನು ಯಾವ ಲಕ್ಷಣದಿಂದ ಗುರುತು ಹಿಡಿಯುತ್ತೀರಿ? ನರ್ಸ್ ಆದರೆ ರಾತ್ರಿ ಪಾಳಿಯಲ್ಲಿ ವಾರ್ಡಿನ ಯಾವ ಸದ್ದಿಗೆ ಏಳುತ್ತೀರಿ, ಯಾವುದಕ್ಕೆ ಏಳುವುದಿಲ್ಲ? ಲೆಕ್ಕಪತ್ರದವರು ಮಾರ್ಚ್ ತಿಂಗಳಲ್ಲಿ ಹೇಗೆ ಮಾತಾಡುತ್ತಾರೆ? ಈ ಪುಟದಲ್ಲಿ ಬರುವ ಖಚಿತತನ ನಿಮ್ಮ "ಸಾಹಿತ್ಯ"ದಲ್ಲಿ ಇರುವುದಿಲ್ಲ. ಅದನ್ನು ಅಲ್ಲಿಗೂ ತನ್ನಿ. ಲೆಕ್ಕಪತ್ರದವರು ಪ್ರೇಮಪತ್ರ ಬರೆದರೂ ಲೆಕ್ಕ ತಪ್ಪದ ಹಾಗೆ ಬರೆಯಲಿ, ಬಹಳ ಚೆನ್ನಾಗಿರುತ್ತದೆ.

ಬೇರೆಯವರನ್ನು ಓದುವುದು, ನಕಲು ಮಾಡುವುದು

ದೊಡ್ಡ ಲೇಖಕರನ್ನು ಓದಿದರೆ ನನ್ನತನ ಹೋಗುತ್ತದೆ ಅನ್ನುವವರು ಸಿಗುತ್ತಾರೆ. ಹೋಗುವುದಿಲ್ಲ. ಒಬ್ಬರನ್ನೇ ಓದಿದರೆ ಮಾತ್ರ ಆ ಅಪಾಯ ಇದೆ. ಇಷ್ಟದ ಲೇಖಕರ ಒಂದು ಪುಟವನ್ನು ಕೈಯಲ್ಲಿ, ಅಕ್ಷರ ಬಿಡದೆ, ನೋಟ್‌ಬುಕ್ಕಿಗೆ ಇಳಿಸಿ. ಕಣ್ಣಿಗೆ ಕಾಣದ್ದು ಕೈಗೆ ಗೊತ್ತಾಗುತ್ತದೆ. ಎಲ್ಲಿ ನಿಲ್ಲಿಸಿದ್ದಾರೆ, ಎಷ್ಟು ಕಡಿಮೆ ವಿಶೇಷಣ ಹಾಕಿದ್ದಾರೆ, ಪ್ಯಾರಾ ಹೇಗೆ ಮುಗಿಸಿದ್ದಾರೆ, ಎಲ್ಲ. ಆಮೇಲೆ ಪುಸ್ತಕ ಮುಚ್ಚಿ ಅದೇ ನಡೆಯಲ್ಲಿ ನಿಮ್ಮ ವಿಷಯ ಬರೆಯಿರಿ. ಮುಂದಿನ ವಾರ ಪೂರ್ತಿ ಬೇರೆ ಥರದ ಲೇಖಕರನ್ನು ಹಿಡಿಯಿರಿ. ಎಲ್ಲಿ ನಿಮಗೆ ಉಸಿರು ಕಟ್ಟುತ್ತದೋ ಅದು ನಿಮ್ಮ ನಡೆ ಅಲ್ಲ. ಈ ನಕಲು ಪುಟಗಳನ್ನು ಯಾರಿಗೂ ತೋರಿಸಬೇಡಿ, ಎಲ್ಲೂ ಪ್ರಕಟಿಸಬೇಡಿ. ಪುಸ್ತಕ ಎಲ್ಲಿ ಸಿಗುತ್ತದೆ ಅಂದರೆ, ಮಾಟುಂಗಾ, ಮಾಹಿಮ್ ಕಡೆಯ ಹಳೆಯ ಸಂಘಗಳಲ್ಲಿ ವಿಚಾರಿಸಿ, ಕಲಿನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ, ಅಲ್ಲಿನವರನ್ನು ಕೇಳಿ. ಊರಿಗೆ ಹೋದಾಗ ಚೀಲದಲ್ಲಿ ಕುಚ್ಚಲಕ್ಕಿಯ ಜೊತೆ ನಾಲ್ಕು ಪುಸ್ತಕಕ್ಕೂ ಜಾಗ ಮಾಡಿ.

ವಾಕ್ಯದ ರಿಪೇರಿ

ಈಗ ಸ್ವಲ್ಪ ಕೈ ಕೊಳೆ ಮಾಡಿಕೊಳ್ಳುವ ಕೆಲಸ. ನೀವು ಬರೆದ ಒಂದು ಪುಟ ತೆಗೆಯಿರಿ.

ಮೊದಲು ವಾಕ್ಯಗಳ ಕೊನೆಯ ಪದಗಳನ್ನು ಮಾತ್ರ ಓದುತ್ತಾ ಹೋಗಿ. ಇದೆ, ಆಗಿದೆ, ಇದೆ, ಆಗಿತ್ತು, ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ರೋಗ ನಮಗೆ ಜಾಸ್ತಿ. ಒಂದೇ ಥರ ಮುಗಿಯುವ ಹತ್ತು ವಾಕ್ಯ ಓದಿದರೆ ಯಾರಿಗಾದರೂ ತೂಕಡಿಕೆ ಬರುತ್ತದೆ. "ಅವರು ಒಳ್ಳೆಯ ಅಡಿಗೆಯವರಾಗಿದ್ದರು" ಬದಲಿಗೆ "ಅಡಿಗೆ ಅಂದರೆ ಅವರದ್ದು" ಅನ್ನಬಹುದು. ಕ್ರಿಯಾಪದವೇ ಬೇಡ ಕೆಲವು ಕಡೆ.

ಆಮೇಲೆ "ಒಂದು", "ಒಬ್ಬ" ಎಷ್ಟಿವೆ ಎಣಿಸಿ. "ಅವನು ಒಬ್ಬ ಒಳ್ಳೆಯ ಮನುಷ್ಯ, ಒಂದು ದೊಡ್ಡ ಕಂಪನಿಯಲ್ಲಿ ಒಂದು ಒಳ್ಳೆಯ ಕೆಲಸದಲ್ಲಿದ್ದಾನೆ." ಇಂಗ್ಲಿಷಿನಲ್ಲಿ ಯೋಚನೆ ಮಾಡಿದ ವಾಕ್ಯ ಇದು. ಮೂರನ್ನೂ ತೆಗೆದರೆ ಏನೂ ನಷ್ಟವಾಗುವುದಿಲ್ಲ.

"ಹಮ್ಮಿಕೊಳ್ಳಲಾಗಿತ್ತು", "ತಿಳಿಸಲಾಯಿತು", "ನಿರ್ಧರಿಸಲ್ಪಟ್ಟಿತು": ಇವು ವರದಿಯ ಭಾಷೆ. ಯಾರು ಮಾಡಿದರು ಅಂತ ಹೇಳದೆ ತಪ್ಪಿಸಿಕೊಳ್ಳಲು ಅನುಕೂಲ. ಸಂಘದ ಕಾರ್ಯದರ್ಶಿಗೆ ಬೇಕಾಗಬಹುದು, ನಿಮಗೆ ಬೇಡ. ಯಾರು ತಿಳಿಸಿದರು ಅಂತ ಹೇಳಿ.

ವಿಶೇಷಣಗಳಲ್ಲಿ "ಅತ್ಯಂತ" ಕಂಡಲ್ಲೆಲ್ಲ ಹೊಡೆದುಹಾಕಿ. ಚರ್ಚೆ ಬೇಡ.

ಚಿಕ್ಕ ಚಿಕ್ಕ ವಾಕ್ಯ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಕನ್ನಡದ ಉದ್ದ ವಾಕ್ಯಕ್ಕೆ ತನ್ನದೇ ಸುಖ ಇದೆ. ಬಂದು, ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ದೇವರಿಗೊಂದು ಕೈ ಮುಗಿದು, ಚಹಾ ಕೇಳಿ, ಚಹಾ ಬರುವ ಮೊದಲೇ ಪೇಪರ್ ಬಿಡಿಸಿ, ಕೊನೆಗೆ "ಏನು ವಿಶೇಷ" ಅನ್ನುವ ಮಾವನನ್ನು ಏಳು ಸಣ್ಣ ವಾಕ್ಯಗಳಲ್ಲಿ ಬರೆದರೆ ಮಾವ ಪೊಲೀಸ್ ಕವಾಯತು ಮಾಡಿದ ಹಾಗಾಗುತ್ತದೆ. ನಿಮ್ಮ ಬಾಯಿಗೆ ಯಾವುದು ಸಹಜ ಅಂತ ರೆಕಾರ್ಡಿಂಗ್ ಹೇಳುತ್ತದೆ. ಅಲ್ಲಿ ಉದ್ದಕ್ಕೆ ಎಳೆಯುವವರು ಇಲ್ಲಿ ಚುಟುಕಾಗಿ ಬರೆಯಲು ಒದ್ದಾಡುವುದು ಬೇಡ.

ರಿಪೇರಿ ಮುಗಿದ ಮೇಲೆ ಎದ್ದು ನಿಂತು ಜೋರಾಗಿ ಓದಿ. ನಾಲಿಗೆ ತೊಡರಿದ ಕಡೆ ಗುರುತು ಹಾಕಿ. ಮನೆಯವರು ನಗಲಿ, ತೊಂದರೆ ಇಲ್ಲ.

ಬೇರೆಯವರ ಬಾಯಿ

ಇಲ್ಲಿನ ಬರಹದಲ್ಲಿ ದೊಡ್ಡ ತಲೆನೋವು ಸಂಭಾಷಣೆ. ತರಕಾರಿಯವನು ಹಿಂದಿಯಲ್ಲಿ, ಮನೆಗೆಲಸದ ಮೌಶಿ ಮರಾಠಿಯಲ್ಲಿ, ಹೆಂಡತಿ ತುಳುವಿನಲ್ಲಿ, ಮಗ ಇಂಗ್ಲಿಷಿನಲ್ಲಿ. ಎಲ್ಲರನ್ನೂ ಪುಸ್ತಕದ ಕನ್ನಡದಲ್ಲಿ ಮಾತಾಡಿಸಿದರೆ ನಾಟಕ. ಎಲ್ಲರನ್ನೂ ಅವರವರ ಭಾಷೆಯಲ್ಲೇ ಬಿಟ್ಟರೆ ಊರಿನ ಓದುಗರು ಪುಸ್ತಕ ಮುಚ್ಚುತ್ತಾರೆ. ಒಂದು ಉಪಾಯ ಇದೆ. ಆ ವ್ಯಕ್ತಿ ಮೊದಲ ಸಲ ಬಾಯಿ ತೆಗೆದಾಗ ಅವರದೇ ಭಾಷೆಯ ಒಂದು ಸಣ್ಣ ಮಾತು ಬರಲಿ, "ಕಾಯ್ ಝಾಲಂ ತಾಈ" ಅಂತ, ಅಂದರೆ ಏನಾಯಿತು ಅಕ್ಕ ಅಂತ. ಅಲ್ಲಿಂದ ಮುಂದೆ ಕನ್ನಡಕ್ಕೆ ಬನ್ನಿ, ಆದರೆ ಅವರ ವೇಗ, ಅವರು ಕರೆಯುವ ರೀತಿ ಹಾಗೇ ಇರಲಿ. ಇನ್ನೊಂದು ವಿಷಯ. ಬಡವರನ್ನು ಮಾತ್ರ ಹರಕು ಕನ್ನಡದಲ್ಲಿ ಮಾತಾಡಿಸಿ ನಗಿಸುವ ಚಟ ನಮ್ಮಲ್ಲಿದೆ. ಮೌಶಿ ತನ್ನ ಮರಾಠಿಯಲ್ಲಿ ನಿಮಗಿಂತ ಚೆನ್ನಾಗಿಯೇ ಮಾತಾಡುತ್ತಾಳೆ. ಹರಕು ಇರುವುದು ನಿಮ್ಮ ಮರಾಠಿ.

ತೋರಿಸುವುದು

ಮನೆಯವರಿಗೆ ತೋರಿಸಿದರೆ "ಲಾಯ್ಕ್ ಉಂಟು" ಅನ್ನುತ್ತಾರೆ. ವಾಟ್ಸಾಪ್ ಗುಂಪಿಗೆ ಹಾಕಿದರೆ ಕೈಮುಗಿದ ಚಿತ್ರಗಳು ಬರುತ್ತವೆ, ಓದಿದವರು ಎಷ್ಟು ಜನ ಅಂತ ದೇವರಿಗೇ ಗೊತ್ತು. ಇಬ್ಬರೋ ಮೂವರೋ ಬರೆಯುವವರನ್ನು ಜೊತೆ ಮಾಡಿಕೊಳ್ಳಿ. ಅವರನ್ನು "ಹೇಗಿದೆ" ಅಂತ ಕೇಳಬೇಡಿ. ಎಲ್ಲಿ ಮೊಬೈಲ್ ನೋಡಬೇಕು ಅನಿಸಿತು, ಯಾವ ವಾಕ್ಯ ನಾನು ಹೇಳುವ ಥರ ಕೇಳಿಸಲಿಲ್ಲ, ಇವೆರಡೇ ಕೇಳಿ. ಎರಡನೆಯ ಪ್ರಶ್ನೆಗೆ ನಿಮ್ಮನ್ನು ಮಾತಿನಲ್ಲಿ ಬಲ್ಲವರೇ ಬೇಕು.

ಈಚೆಗೆ ಕೆಲವರು ಬರೆದದ್ದನ್ನು ಫೋನಿನ ಎಐಗೆ ಕೊಟ್ಟು ಚೆಂದ ಮಾಡಿಸಿ ತರುತ್ತಾರೆ. ಕಾಗುಣಿತ ನೋಡಿಸಿಕೊಳ್ಳಿ, ಅಡ್ಡಿಯಿಲ್ಲ. ಆದರೆ ಚೆಂದ ಮಾಡು ಅಂದರೆ ಅದು ಮೊದಲು ತೆಗೆಯುವುದು ನೀವು ಪಕ್ಕಕ್ಕೆ ಹೋಗಿ ಹೇಳಿದ ಆ ಅಡ್ಡಮಾತನ್ನೇ, ಇಟ್ಟುಕೊಳ್ಳುವುದು ಗೋಡೆಯ ಪಟ್ಟಿಯಲ್ಲಿರುವ ಮಾತುಗಳನ್ನು.

ದನಿ ಬಂದಿದೆಯೋ ಇಲ್ಲವೋ ನೋಡಲು ಒಂದು ಆಟ ಇದೆ. ಗುಂಪಿನವರೆಲ್ಲ ಒಂದೇ ವಿಷಯದ ಮೇಲೆ ಅರ್ಧ ಪುಟ ಬರೆದು, ಟೈಪ್ ಮಾಡಿ, ಹೆಸರಿಲ್ಲದೆ ತನ್ನಿ. ವಿಷಯ ಸಣ್ಣದಿರಲಿ, ಕಟಿಂಗ್ ಚಹಾ, ಲಿಫ್ಟ್ ಕೆಟ್ಟ ದಿನ, ಇಂಥದ್ದು. ಎಲ್ಲ ಹಾಳೆ ಕಲಸಿ ಒಬ್ಬರು ಓದಲಿ, ಉಳಿದವರು ಯಾರದು ಅಂತ ಹೇಳಲಿ. ಯಾರೂ ನಿಮ್ಮದನ್ನು ಗುರುತಿಸದಿದ್ದರೆ ಮತ್ತೆ ರೆಕಾರ್ಡರ್‌ಗೆ ಹೋಗಿ. ಎಲ್ಲರೂ ಮೊದಲ ಸಾಲಿಗೇ ಗುರುತಿಸಿದರೆ ಖುಷಿ ಪಡುವ ಮೊದಲು ಯಾಕೆ ಅಂತ ಕೇಳಿ. ನೋಡುವ ರೀತಿಯಿಂದ ಗುರುತು ಸಿಕ್ಕಿದರೆ ಸರಿ. ಚಟದಿಂದ ಸಿಕ್ಕಿದರೆ ಅದನ್ನು ಸ್ವಲ್ಪ ದಿನ ದೂರ ಇಡಬೇಕು. ನಮ್ಮಲ್ಲಿ ಒಬ್ಬರ ಎಲ್ಲ ಬರಹವೂ ಮಳೆಯಿಂದಲೇ ಶುರುವಾಗುತ್ತಿತ್ತು, ಲಿಫ್ಟ್ ಕೆಟ್ಟದ್ದೂ ಮಳೆಯಲ್ಲೇ. ನಾಲ್ಕು ಜನ ಒಟ್ಟಿಗೆ ಅವರ ಹೆಸರು ಕೂಗಿದ ಮೇಲೆ ಅವರು ಮಳೆ ಬಿಟ್ಟರು. ಈಗ ಸೆಕೆಯಿಂದ ಶುರು ಮಾಡುತ್ತಾರೆ. ಮುಂದಿನ ಭಾನುವಾರ ಅದನ್ನೂ ಹೇಳಬೇಕು.